ಸಾಮಾಜಿಕ ಜಾಲತಾಣಗಳ ಮೂಲಕ ಸ್ವಯಂಸೇವಕರ ಸಂಘಟನೆ

ಸೇವಾಸಂಸ್ಥೆಗಳೂ ದತ್ತಿಸಂಸ್ಥೆಗಳೂ ನೋಂದಣಿಯಿಲ್ಲದ ನಾಗರಿಕ ಗುಂಪುಗಳೂ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ, ಹಿಂದೆ ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್ ಮೊದಲಾದ ಜಾಲತಾಣಗಳ ಮೂಲಕ ಸಂಬಳವಿಲ್ಲದೆ ದುಡಿಯಲು ಸಿದ್ಧರಿರುವವರನ್ನು ಕರೆದು, ಅವರಿಗೆ ಕೆಲಸ ಹಂಚಿ, ಆ ಕೆಲಸದಲ್ಲಿ ಅವರು ನಿಲ್ಲುವಂತೆ ನೋಡಿಕೊಳ್ಳುವ ಕ್ರಮವು ಸಮಾಜಸೇವೆಯ ಇತಿಹಾಸದಲ್ಲಿ ತೀರ ಈಚಿನದು. ಫೇಸ್‌ಬುಕ್ 2004ರಲ್ಲಿ, ಟ್ವಿಟರ್ 2006ರಲ್ಲಿ, ವಾಟ್ಸಾಪ್ 2009ರಲ್ಲಿ ಬಂದವಾದರೂ ಇವುಗಳ ಬಲದಿಂದ ಸಾವಿರಾರು ಮಂದಿ ಒಂದೆರಡು ದಿನಗಳಲ್ಲೇ ಬೀದಿಗಿಳಿದು ದುಡಿದ ನಿದರ್ಶನಗಳು 2010ರಿಂದೀಚೆಗೆ ಸ್ಪಷ್ಟವಾಗಿ ಕಾಣಿಸಿಕೊಂಡವು. ಅಲ್ಲಿಂದೀಚಿನ ಅನುಭವವನ್ನು ಒಟ್ಟಾಗಿ ನೋಡಿದಾಗ ಎದ್ದು ಕಾಣುವ ಸಂಗತಿಯೆಂದರೆ, ಜನರನ್ನು ಕರೆಯುವ ಖರ್ಚು ಇಲ್ಲವೆನ್ನುವಷ್ಟು ಇಳಿದಿದೆ. ಬಂದವರಿಗೆ ತಕ್ಕ ಕೆಲಸ ಹುಡುಕಿ ಒಪ್ಪಿಸುವ, ಅವರ ಜೊತೆ ನಿಲ್ಲುವ, ನೆರವು ಪಡೆಯುವವರ ಘನತೆ ಕಾಯುವ ಹೊಣೆ ಮಾತ್ರ ಇಳಿದಿಲ್ಲ, ಬಂದವರ ಸಂಖ್ಯೆ ಏರಿದಷ್ಟೂ ಅದು ಭಾರವಾಗಿದೆ.

ಹಿನ್ನೆಲೆ

ಸ್ವಯಂಸೇವಕರನ್ನು ಕೂಡಿಸುವ ಕೆಲಸ ಜಾಲತಾಣಗಳಿಗಿಂತ ಬಹಳ ಹಳೆಯದು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳದ ಕಾರ್ಯಕರ್ತರು, ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಶಿಸ್ತಿನ ಸೇವೆಗೆ ಮಾದರಿಯಾದರು. ಗಾಂಧಿ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು, ಕಾಲೇಜು ವಿದ್ಯಾರ್ಥಿಗೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಗೊತ್ತುಪಡಿಸಿತು. ಈ ಎರಡೂ ವ್ಯವಸ್ಥೆಗಳಲ್ಲಿ ಸ್ವಯಂಸೇವಕನು ಯಾರಿಗಾದರೂ ಪರಿಚಿತನೇ ಆಗಿದ್ದನು. ಊರಿನ ಹಿರಿಯರೋ ಕಾಲೇಜಿನ ಅಧ್ಯಾಪಕರೋ ಅವನನ್ನು ಬಲ್ಲವರಾಗಿದ್ದು, ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವರಿದ್ದರು. ಜಾಲತಾಣವು ಬದಲಿಸಿದ್ದು ಮುಖ್ಯವಾಗಿ ಇದನ್ನೇ.

ಮನೆಯಲ್ಲೇ ಕುಳಿತು ಗಣಕಯಂತ್ರದ ಮೂಲಕ ಮಾಡುವ ಸೇವೆಯನ್ನು, ಅಂದರೆ ಭಾಷಾಂತರ, ವಿನ್ಯಾಸ, ಲೆಕ್ಕಪತ್ರ, ಪಾಠ ಹೇಳಿಕೊಡುವುದು ಮುಂತಾದವನ್ನು, ಆನ್‌ಲೈನ್ ಸ್ವಯಂಸೇವೆ ಎನ್ನುತ್ತಾರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಇದನ್ನು ವ್ಯವಸ್ಥಿತವಾಗಿ ಅಭ್ಯಾಸ ಮಾಡುವ ಯೋಜನೆಯೊಂದು ನಡೆಯಿತು. 2000ದಲ್ಲಿ ವಿಶ್ವಸಂಸ್ಥೆಯೂ ಇಂಥ ಸೇವೆಗೆ ಅಂತರಜಾಲದಲ್ಲಿ ವೇದಿಕೆ ಒದಗಿಸಿತು. ಕೀನ್ಯಾದಲ್ಲಿ 2007ರ ಚುನಾವಣೆಯ ಬೆನ್ನಿಗೇ ಭುಗಿಲೆದ್ದ ಹಿಂಸೆಯ ವರದಿಗಳನ್ನು ಜನಸಾಮಾನ್ಯರಿಂದ ಸಂಗ್ರಹಿಸಿ ನಕ್ಷೆಯ ಮೇಲೆ ಗುರುತಿಸಲು 2008ರ ಆರಂಭದಲ್ಲಿ ಉಷಾಹಿದಿ ಎಂಬ ತಂತ್ರಾಂಶ ಸಿದ್ಧವಾಯಿತು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನ ವಿವರವಾದ ಬೀದಿ ನಕ್ಷೆ ಪರಿಹಾರ ತಂಡಗಳಿಗೆ ಸಿಗದಿದ್ದುದರಿಂದ, ಜಗತ್ತಿನ ನಾನಾ ಕಡೆಯ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡುತ್ತ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ರಸ್ತೆ, ಕಟ್ಟಡ, ಆಶ್ರಯ ಶಿಬಿರಗಳನ್ನು ಗೆರೆ ಗೆರೆಯಾಗಿ ತುಂಬಿದರು. ಈ ಕೆಲಸದಲ್ಲಿ ಯಾರೂ ಯಾರ ಮುಖವನ್ನೂ ನೋಡಿರಲಿಲ್ಲ. ಆದರೂ ಕೆಲಸವು ಸಣ್ಣ ಸಣ್ಣ ಚೌಕಗಳಾಗಿ ಹಂಚಿಹೋಗಬಲ್ಲದ್ದಾಗಿತ್ತು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಬಹುದಾಗಿತ್ತು. ಅದರ ಯಶಸ್ಸಿನ ಗುಟ್ಟು ಕರೆಯ ವ್ಯಾಪ್ತಿಗಿಂತ ಕೆಲಸದ ಈ ಸ್ವರೂಪದಲ್ಲಿದೆ.

ಕರೆಗೆ ಓಗೊಡುವವರು

ವಿಪತ್ತು ಸಂಭವಿಸಿದ ಸ್ಥಳದತ್ತ ಜನ, ಸಾಮಗ್ರಿ, ಸುದ್ದಿ ಈ ಮೂರೂ ಒಮ್ಮೆಗೇ ನುಗ್ಗಿಬರುವುದನ್ನು ಸಮಾಜಶಾಸ್ತ್ರಜ್ಞರು ಜಾಲತಾಣಗಳ ಕಾಲಕ್ಕಿಂತ ಬಹು ಮೊದಲೇ ಗಮನಿಸಿದ್ದರು. ಫ್ರಿಟ್ಜ್ ಮತ್ತು ಮ್ಯಾಥ್ಯೂಸನ್ 1957ರಲ್ಲಿ ಪ್ರಕಟಿಸಿದ ಅಧ್ಯಯನವು ಈ ನುಗ್ಗನ್ನೇ ವಿಪತ್ತು ನಿರ್ವಹಣೆಯ ಒಂದು ಪ್ರಧಾನ ಸಮಸ್ಯೆಯೆಂದು ಹೆಸರಿಸಿತು. ಜನರು ಏಕೆ ಸ್ವಯಂಸೇವೆಗೆ ಬರುತ್ತಾರೆಂಬ ಪ್ರಶ್ನೆಯನ್ನು ಮನೋವಿಜ್ಞಾನಿಗಳಾದ ಕ್ಲಾರಿ, ಸ್ನೈಡರ್ ಮತ್ತು ಸಂಗಡಿಗರು 1998ರಲ್ಲಿ ಆರು ಪ್ರೇರಣೆಗಳಾಗಿ ವಿಂಗಡಿಸಿದರು: ತಮ್ಮ ನಂಬಿಕೆಗೆ ನಡೆದುಕೊಳ್ಳುವ ಹಂಬಲ, ಹೊಸದನ್ನು ಕಲಿಯುವ ಆಸೆ, ಸ್ನೇಹಿತರ ಬಳಗದ ಸೆಳೆತ, ಉದ್ಯೋಗಕ್ಕೆ ಒದಗುವ ಅನುಭವ, ಸ್ವಂತ ದುಃಖ ಅಥವಾ ಅಪರಾಧಿ ಭಾವದಿಂದ ಬಿಡುಗಡೆ, ಆತ್ಮವಿಶ್ವಾಸದ ವೃದ್ಧಿ. ಒಬ್ಬ ವ್ಯಕ್ತಿಯಲ್ಲೇ ಇವುಗಳಲ್ಲಿ ಹಲವು ಕೂಡಿರುತ್ತವೆ. ಯಾವುದು ಮೇಲಾಗಿದೆಯೆಂದು ತಿಳಿದು ಅದಕ್ಕೊಪ್ಪುವ ಕೆಲಸ ಕೊಟ್ಟಾಗ ಸ್ವಯಂಸೇವಕನು ಹೆಚ್ಚು ಕಾಲ ಉಳಿಯುತ್ತಾನೆಂಬುದು ಆ ಸಿದ್ಧಾಂತದ ಸಾರ.

ಕರೆ ಯಾರಿಂದ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ಸಮಾಜಶಾಸ್ತ್ರಜ್ಞ ಗ್ರಾನೊವೆಟರ್ 1973ರಲ್ಲಿ ತೋರಿಸಿಕೊಟ್ಟಂತೆ, ಹೊಸ ಮಾಹಿತಿಯು ಆಪ್ತರಿಗಿಂತ ಹೆಚ್ಚಾಗಿ ಮುಖಪರಿಚಯದವರ ಮೂಲಕ, ಅಂದರೆ ದುರ್ಬಲ ನಂಟುಗಳ ಮೂಲಕ, ದೂರದವರೆಗೆ ಹರಡುತ್ತದೆ. ಜಾಲತಾಣವು ಇಂಥ ನಂಟುಗಳ ಮಹಾ ಭಂಡಾರ. ಆದರೆ ಕಷ್ಟದ, ಅಪಾಯದ ಕೆಲಸಕ್ಕೆ ಮುಂದೆ ಬರುವಂತೆ ಮಾಡುವುದು ಗಟ್ಟಿ ನಂಟು. 1964ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಕರಿಯರ ಮತದಾರ ನೋಂದಣಿಗಾಗಿ ನಡೆದ ಬೇಸಿಗೆ ಅಭಿಯಾನಕ್ಕೆ ಅರ್ಜಿ ಹಾಕಿದವರನ್ನು ಸಮಾಜಶಾಸ್ತ್ರಜ್ಞ ಡಗ್ ಮೆಕ್‌ಆಡಮ್ ಪರಿಶೀಲಿಸಿದಾಗ, ನಿಜವಾಗಿ ಹೊರಟವರಿಗೂ ಕೊನೆಗಳಿಗೆಯಲ್ಲಿ ಹಿಂದೆ ಸರಿದವರಿಗೂ ಧ್ಯೇಯನಿಷ್ಠೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಆದರೆ ಹೊರಟವರಿಗೆ ತಮ್ಮಂತೆಯೇ ಹೊರಟ ಗೆಳೆಯರಿದ್ದರು. ಜಾಲತಾಣದ ಕರೆಯನ್ನು ನೋಡಿದವರಲ್ಲಿ ಬಹುಪಾಲು ಜನ ಮೆಚ್ಚುಗೆ ಒತ್ತಿ ಮುಂದೆ ಸಾಗುವುದಕ್ಕೂ, ಗೆಳತಿಯೊಬ್ಬಳು ಹೆಸರು ಹಿಡಿದು ಕರೆದಾಗ ಅದೇ ಜನ ಎದ್ದು ಬರುವುದಕ್ಕೂ ಇಲ್ಲಿ ಕಾರಣ ಸಿಗುತ್ತದೆ.

ಬರಿಯ ಬೆಂಬಲ ಸೂಚನೆಯಲ್ಲೇ ತೃಪ್ತಿ ಪಡುವ ಪ್ರವೃತ್ತಿಯನ್ನು ಕುರಿತು ಎರಡು ಅಧ್ಯಯನಗಳು ಹೆಚ್ಚಾಗಿ ಉಲ್ಲೇಖವಾಗುತ್ತವೆ. ಸುಡಾನಿನ ದಾರ್ಫುರ್ ಪ್ರಾಂತದ ಸಂತ್ರಸ್ತರ ಪರವಾಗಿ ಫೇಸ್‌ಬುಕ್ಕಿನಲ್ಲಿ ನಡೆದ ಅಭಿಯಾನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದರು; 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ ಅವರಲ್ಲಿ ಶೇ. 99ಕ್ಕಿಂತ ಹೆಚ್ಚಿನವರು ಹಣ ಕೊಡಲಿಲ್ಲ, ಶೇ. 72ರಷ್ಟು ಮಂದಿ ಮತ್ತೊಬ್ಬರನ್ನೂ ಸೇರಿಸಲಿಲ್ಲ. ಅದೇ ವರ್ಷ ಕ್ರಿಸ್ಟೋಫರ್ಸನ್, ವೈಟ್ ಮತ್ತು ಪೆಲೋಜಾ ನಡೆಸಿದ ಪ್ರಯೋಗಗಳು, ಬಹಿರಂಗವಾಗಿ ಸಾಂಕೇತಿಕ ಬೆಂಬಲ ತೋರಿದವರಿಗಿಂತ ಖಾಸಗಿಯಾಗಿ ಬೆಂಬಲ ತೋರಿದವರು ಮುಂದೆ ನಿಜವಾದ ನೆರವಿಗೆ ಹೆಚ್ಚು ಒಲಿಯುತ್ತಾರೆಂದು ಕಂಡವು. ಇದರಿಂದ ಜಾಲತಾಣದ ಬೆಂಬಲವೆಲ್ಲ ಪೊಳ್ಳೆಂದು ತೀರ್ಮಾನಿಸುವುದು ಅವಸರವಾದೀತು. ಅದೇ 2014ರ ಬೇಸಿಗೆಯಲ್ಲಿ ತಲೆಯ ಮೇಲೆ ಹಿಮದ ನೀರು ಸುರಿದುಕೊಂಡು ಮತ್ತೊಬ್ಬರನ್ನು ಹೆಸರಿಸಿ ಸವಾಲು ಹಾಕುವ ಆಟವು, ನರರೋಗವಾದ ಎಎಲ್‌ಎಸ್ ಕುರಿತು ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದಕ್ಕೇ 11.5 ಕೋಟಿ ಡಾಲರ್ ತಂದುಕೊಟ್ಟಿತು. ದಾರ್ಫುರ್ ಅಭಿಯಾನಕ್ಕೂ ಇದಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸ, ಪ್ರತಿಯೊಂದು ಕರೆಯೂ ಇಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿಗೆ ಹೋಗುತ್ತಿತ್ತು ಎಂಬುದು.

ಕ್ರೈಸ್ಟ್‌ಚರ್ಚಿನ ವಿದ್ಯಾರ್ಥಿ ಸೇನೆ

ಜಾಲತಾಣದ ಕರೆಯು ದೊಡ್ಡ ಪ್ರಮಾಣದ ಶ್ರಮವಾಗಿ ಮಾರ್ಪಟ್ಟ ನಿದರ್ಶನಗಳಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ್ದು ಶ್ರೇಷ್ಠವಾದುದು. 2010ರ ಸೆಪ್ಟೆಂಬರ್ 4ರಂದು ಕ್ಯಾಂಟರ್ಬರಿ ಪ್ರದೇಶದಲ್ಲಿ 7.1 ತೀವ್ರತೆಯ ಭೂಕಂಪವಾದಾಗ ಅಲ್ಲಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಸ್ಯಾಮ್ ಜಾನ್ಸನ್ ಫೇಸ್‌ಬುಕ್ಕಿನಲ್ಲಿ ಒಂದು ಕಾರ್ಯಕ್ರಮದ ಪುಟ ತೆರೆದು ಸಹಪಾಠಿಗಳನ್ನು ಶುಚಿಕಾರ್ಯಕ್ಕೆ ಕರೆದನು. ನೀರು ಕುಡಿದ ಮರಳುಮಣ್ಣು ಕಂಪನದಿಂದ ದ್ರವದಂತೆ ವರ್ತಿಸಿ ಮೇಲಕ್ಕೆ ಉಕ್ಕುವುದನ್ನು ಭೂವಿಜ್ಞಾನದಲ್ಲಿ ದ್ರವೀಕರಣ ಎನ್ನುತ್ತಾರೆ. ಹೀಗೆ ಉಕ್ಕಿದ ಬೂದುಬಣ್ಣದ ಕೆಸರು ಮನೆಯಂಗಳ, ಬೀದಿ, ಚರಂಡಿಗಳನ್ನೆಲ್ಲ ತುಂಬಿತ್ತು. 2011ರ ಫೆಬ್ರವರಿ 22ರಂದು ಮತ್ತೆ ಕಂಪಿಸಿದ ನೆಲ 185 ಜನರ ಪ್ರಾಣ ತೆಗೆದುಕೊಂಡಾಗ ಮೊದಲ ಸಲದ ಅನುಭವವಿದ್ದ, ವಿದ್ಯಾರ್ಥಿ ಸೇನೆಯೆನಿಸಿದ ಈ ಗುಂಪು ಕೂಡಲೇ ಸಜ್ಜಾಯಿತು, ಹತ್ತು ಸಾವಿರಕ್ಕೂ ಮಿಕ್ಕಿದ ಯುವಜನ ಸಲಿಕೆ, ತಳ್ಳುಗಾಡಿ ಹಿಡಿದು ಬಂದರು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಬಂದವರ ಸಂಖ್ಯೆಗಿಂತ ಅವರು ಆರಿಸಿಕೊಂಡ ಕೆಲಸ. ಕುಸಿದ ಕಟ್ಟಡಗಳಿಂದ ಜನರನ್ನು ಹೊರತೆಗೆಯುವ, ತರಬೇತಿಯಿಲ್ಲದವರು ಕೈಹಾಕಬಾರದ ಕಾರ್ಯವನ್ನು ಅವರು ನುರಿತವರಿಗೆ ಬಿಟ್ಟರು. ಯಾರು ಬೇಕಾದರೂ ಮಾಡಬಹುದಾದ, ಆದರೆ ಸಾವಿರಾರು ಕೈಗಳು ಬೇಕಾದ ಕೆಸರು ತೆಗೆಯುವ ಕೆಲಸವನ್ನು ತಮ್ಮದಾಗಿಸಿಕೊಂಡರು. ಬಂದವರನ್ನು ತಂಡಗಳಾಗಿ ಒಡೆದು, ಪ್ರತಿ ತಂಡಕ್ಕೆ ಮುಂದಾಳುವನ್ನು ಗೊತ್ತುಮಾಡಿ, ಬೀದಿಗಳನ್ನು ಹಂಚಿ, ಬಸ್ಸು ಮತ್ತು ಊಟದ ಏರ್ಪಾಡು ಮಾಡಲಾಯಿತು. ಮಣ್ಣು ತೆಗೆಯುತ್ತಲೇ ಒಂಟಿಯಾಗಿದ್ದ ವೃದ್ಧರ ಯೋಗಕ್ಷೇಮವನ್ನೂ ವಿಚಾರಿಸಿದ್ದರಿಂದ ಸೇವೆಯು ಬರಿಯ ಶುಚಿಕಾರ್ಯವಾಗಿ ಉಳಿಯಲಿಲ್ಲ. ಫೇಸ್‌ಬುಕ್ ಅವರನ್ನು ಒಂದೆಡೆ ಸೇರಿಸಿತು. ಹಿಡಿದಿಟ್ಟದ್ದು ಈ ಏರ್ಪಾಡು. ಆ ಗುಂಪು ಮುಂದೆ ಶಾಶ್ವತ ಸಂಸ್ಥೆಯಾಗಿ ಬೆಳೆದು 2020ರ ಕೋವಿಡ್ ಸೋಂಕಿನ ಕಾಲದಲ್ಲಿ ಮನೆಬಿಟ್ಟು ಬರಲಾಗದವರಿಗೆ ದಿನಸಿ ತಲುಪಿಸುವ ಕೆಲಸದಲ್ಲೂ ತೊಡಗಿತು.

ಇದಕ್ಕೆ ವ್ಯತಿರಿಕ್ತವಾದ ಪಾಠವನ್ನು ಅದೇ 2020ರಲ್ಲಿ ಇಂಗ್ಲೆಂಡ್ ಕೊಡುತ್ತದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯು ಮಾರ್ಚ್ ಕೊನೆಯ ವಾರದಲ್ಲಿ ಎರಡೂವರೆ ಲಕ್ಷ ಸ್ವಯಂಸೇವಕರು ಬೇಕೆಂದು ಕರೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಮಂದಿ ಹೆಸರು ಬರೆಸಿದ್ದರಿಂದ ನೋಂದಣಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಮೊಬೈಲ್ ಆ್ಯಪಿನಲ್ಲಿ ತಾವು ಸಿದ್ಧರೆಂದು ತೋರಿಸಿಕೊಂಡು ದಿನಗಟ್ಟಲೆ ಕಾದರೂ ಒಂದು ಕೆಲಸವೂ ಬಾರದೆ ನಿರಾಶರಾದವರು ಬಹಳ. ಕೊಡಲು ಬಂದವನನ್ನು ಕಾಯಿಸಿ ಬರಿಗೈಯಲ್ಲಿ ಕಳಿಸುವುದು ಸಂಸ್ಥೆಗೆ ಆಗುವ ದೊಡ್ಡ ನಷ್ಟ. ಮತ್ತೊಮ್ಮೆ ಕರೆದಾಗ ಅವನು ಬರುವನೆಂಬ ಭರವಸೆಯಿಲ್ಲ.

ಭಾರತದಲ್ಲಿ

2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ಮುಳುಗಿದಾಗ ಟ್ವಿಟರಿನಲ್ಲಿ ಹ್ಯಾಷ್‌ಟ್ಯಾಗ್, ಅಂದರೆ ಒಂದೇ ವಿಷಯದ ಬರಹಗಳನ್ನು ಒಟ್ಟುಗೂಡಿಸುವ ಗುರುತುಪದ, ಬಳಸಿ ನೆರವು ಬೇಕಾದವರನ್ನೂ ನೆರವು ಕೊಡಬಲ್ಲವರನ್ನೂ ಜೋಡಿಸಲಾಯಿತು. ಯಾರ ಮನೆಯಲ್ಲಿ ಎಷ್ಟು ಜನಕ್ಕೆ ಜಾಗವಿದೆ, ಎಲ್ಲಿ ದೋಣಿ ಬೇಕು ಎಂಬುದನ್ನು ಸ್ವಯಂಸೇವಕರು ಎಲ್ಲರೂ ನೋಡಬಹುದಾದ ಸ್ಪ್ರೆಡ್‌ಶೀಟುಗಳಲ್ಲಿ ತುಂಬಿದರು. 2018ರ ಆಗಸ್ಟಿನ ಕೇರಳ ಪ್ರವಾಹದಲ್ಲಿ ಈ ಕ್ರಮ ಒಂದು ಹೆಜ್ಜೆ ಮುಂದೆ ಹೋಯಿತು. ಕೇರಳ ರಾಜ್ಯ ಮಾಹಿತಿ ತಂತ್ರಜ್ಞಾನ ಮಿಷನ್ ಮತ್ತು ಸ್ವಯಂಸೇವಕ ಎಂಜಿನಿಯರುಗಳು ಕೂಡಿ ಕೇರಳ ರೆಸ್ಕ್ಯೂ ಎಂಬ ಜಾಲತಾಣ ರೂಪಿಸಿದ್ದರಿಂದ, ಚದುರಿಹೋಗುತ್ತಿದ್ದ ಮೊರೆಗಳು ಒಂದೇ ಕಡೆ ದಾಖಲಾಗಿ ಜಿಲ್ಲಾಡಳಿತಕ್ಕೆ ತಲುಪತೊಡಗಿದವು. ಅದೇ ತಿಂಗಳು ಕೊಡಗಿನಲ್ಲಿ ಗುಡ್ಡಗಳು ಕುಸಿದು ಜೋಡುಪಾಲ, ಮಕ್ಕಂದೂರು, ಮಾದಾಪುರ ಮೊದಲಾದೆಡೆ ಜನ ಮನೆಮಠ ಕಳೆದುಕೊಂಡಾಗ ಕರ್ನಾಟಕದ ಮೂಲೆಮೂಲೆಗಳ ವಾಟ್ಸಾಪ್ ಗುಂಪುಗಳು ಅಕ್ಕಿ, ಹೊದಿಕೆ, ಔಷಧ ಹೊತ್ತ ವಾಹನಗಳನ್ನು ಹೊರಡಿಸಿದವು. ಸರ್ಕಾರವೂ ನಾಗರಿಕರೂ ಒಂದೇ ಪಟ್ಟಿಯನ್ನು ನೋಡಿ ಕೆಲಸ ಮಾಡುವ ಕೇರಳದ ಮಾದರಿಯೇ ಇವುಗಳಲ್ಲಿ ಹೆಚ್ಚು ಅನುಕರಣೀಯವೆನಿಸುತ್ತದೆ.

ಕೋವಿಡ್ ಎರಡನೆಯ ಅಲೆಯ ಕಾಲದಲ್ಲಿ, 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಆಮ್ಲಜನಕ, ಹಾಸಿಗೆ, ಔಷಧಗಳಿಗಾಗಿ ಜಾಲತಾಣಗಳ ತುಂಬ ಮೊರೆಗಳೇ ಹರಿದವು. ಆಗ ಮುನ್ನೆಲೆಗೆ ಬಂದದ್ದು ತಾಳೆನೋಡುವ ಶ್ರಮ. ಸಿಲಿಂಡರ್ ಇದೆಯೆಂದು ಬೆಳಿಗ್ಗೆ ಹಂಚಿದ ದೂರವಾಣಿ ಸಂಖ್ಯೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಏನೂ ಉಳಿದಿರುತ್ತಿರಲಿಲ್ಲವಾಗಿ, ಮನೆಯಲ್ಲೇ ಇದ್ದ ವಿದ್ಯಾರ್ಥಿಗಳು ಮತ್ತು ಉದ್ಯೋಗಿಗಳು ಪಾಳಿಯ ಮೇಲೆ ಒಂದೊಂದೇ ಸಂಖ್ಯೆಗೆ ಕರೆಮಾಡಿ, ಖಚಿತಪಡಿಸಿಕೊಂಡ ವೇಳೆಯನ್ನು ಬರೆದು, ಸುಳ್ಳೆಂದು ತಿಳಿದುದನ್ನು ಅಳಿಸುತ್ತ ಹೋದರು. ಯಾವ ಛಾಯಾಚಿತ್ರದಲ್ಲೂ ಕಾಣಿಸದ ಈ ದುಡಿಮೆಯು ಅನೇಕರ ಜೀವ ಉಳಿಸಿದ ಸೇವೆ. ಹೀಗೆ ಮೊರೆಯಿಡುವವರ ಮೇಲೆ ಸುಳ್ಳು ಸುದ್ದಿಯ ನೆಪದಲ್ಲಿ ಕ್ರಮ ಕೈಗೊಳ್ಳಬಾರದೆಂದು ಸರ್ವೋಚ್ಚ ನ್ಯಾಯಾಲಯವು ಆ ಏಪ್ರಿಲ್ 30ರಂದು ಎಚ್ಚರಿಸಿತು.

ರಕ್ತದಾನವು ಜಾಲತಾಣದ ಗುಣಕ್ಕೂ ಮಿತಿಗೂ ಒಳ್ಳೆಯ ಉದಾಹರಣೆ. ಹಣಕ್ಕಾಗಿ ರಕ್ತ ಕೊಡುವುದನ್ನು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿಯಿಂದ ನಿಲ್ಲಿಸಲಾಯಿತು. ಆದರೂ ರೋಗಿಯ ಮನೆಯವರೇ ಬದಲಿ ದಾನಿಯನ್ನು ಹುಡುಕಿ ತರುವ ವಾಡಿಕೆ ಬಹುಕಾಲ ಉಳಿಯಿತು. ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1ರಂದು, 2017ರಲ್ಲಿ, ಫೇಸ್‌ಬುಕ್ ಭಾರತದಲ್ಲಿ ದಾನಿಗಳು ಹೆಸರು ನೋಂದಾಯಿಸುವ ಸೌಲಭ್ಯವನ್ನು ಆರಂಭಿಸಿತು. ತುರ್ತು ಮೊರೆಯು ವಾಟ್ಸಾಪಿನಲ್ಲಿ ತಲುಪುವ ವೇಗ ನಿಜಕ್ಕೂ ಉಪಕಾರಿ. ಆದರೆ ಅಗತ್ಯ ತೀರಿದ ಬಳಿಕವೂ ಅದೇ ಸಂದೇಶ ವಾರ, ತಿಂಗಳುಗಟ್ಟಲೆ ಸುತ್ತುತ್ತಿರುತ್ತದೆ, ದುಃಖದಲ್ಲಿರುವ ಮನೆಗೆ ಅಪರಿಚಿತರ ಕರೆಗಳು ಬರುತ್ತಲೇ ಇರುತ್ತವೆ. ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ರಕ್ತ ಕೊಡಬಹುದಾದ್ದರಿಂದ ಒಂದೇ ದಿನ ನೂರು ಜನ ಓಡಿಬರುವುದಕ್ಕಿಂತ ವರ್ಷವಿಡೀ ಸರದಿಯಂತೆ ಬರುವವರ ಪಟ್ಟಿಯೇ ರಕ್ತನಿಧಿಗೆ ಬೇಕಾದುದು. ಸಂದೇಶದಲ್ಲಿ ದಿನಾಂಕ, ಆಸ್ಪತ್ರೆ, ರಕ್ತದ ಗುಂಪು ಇವುಗಳನ್ನು ನಮೂದಿಸಿ, ಅಗತ್ಯ ಪೂರೈಸಿದ ಕೂಡಲೇ ಹಾಗೆಂದು ತಿಳಿಸುವ ಶಿಸ್ತನ್ನು ಒಳ್ಳೆಯ ಗುಂಪುಗಳು ರೂಢಿಸಿಕೊಂಡಿವೆ.

ಉಳಿಸಿಕೊಳ್ಳುವ ಬಗೆಗಳು

ಒಂದು ದಿನ, ಒಂದು ವಾರ ಬಂದು ಹೋಗುವ ಸೇವೆಯನ್ನು ಬಿಡಿ ಸೇವೆ ಎಂದೂ, ತಿಂಗಳು ವರ್ಷಗಳ ಕಾಲ ನಡೆಯುವುದನ್ನು ನಿರಂತರ ಸೇವೆ ಎಂದೂ ಹೇಳಬಹುದು. ಬಿಡಿ ಸೇವೆಗೆ ಜಾಲತಾಣ ಸಹಜವಾಗಿ ಒಗ್ಗುತ್ತದೆ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ದಿ ಅಗ್ಲಿ ಇಂಡಿಯನ್ ಎಂಬ ಅನಾಮಿಕ ಗುಂಪು ಕಸ ತುಂಬಿದ ಒಂದು ಮೂಲೆಯನ್ನು ಆರಿಸಿ, ಕೆಲವೇ ಗಂಟೆಗಳಲ್ಲಿ ಶುಚಿಮಾಡಿ, ಬಣ್ಣ ಬಳಿದು, ಮೊದಲಿನ ಮತ್ತು ಅನಂತರದ ಚಿತ್ರಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕುವ ಕ್ರಮದಿಂದ ಹೆಸರಾಯಿತು. ಮಾತು ಬಿಟ್ಟು ಕೆಲಸ ಮಾಡಬೇಕೆಂಬುದು ಅದರ ನಿಲುವು. ಯಾರ ಹೆಸರೂ ಮುಂದೆ ಬಾರದಿದ್ದುದರಿಂದ ಯಾರು ಬೇಕಾದರೂ ತಮ್ಮ ಬೀದಿಯಲ್ಲಿ ಅದನ್ನು ಪುನರಾವರ್ತಿಸುವುದು ಸಾಧ್ಯವಾಯಿತು. 2014ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿ, ಹೋಟೆಲುಗಳಲ್ಲಿ ಉಳಿದ ಒಳ್ಳೆಯ ಆಹಾರವನ್ನು ಹಸಿದವರಿಗೆ ಮುಟ್ಟಿಸುತ್ತ, ಹಣವನ್ನೇ ಸ್ವೀಕರಿಸದೆ ಸಮಯವನ್ನಷ್ಟೇ ಕೇಳುವ ನಿಯಮದಿಂದ ಅನೇಕ ನಗರಗಳಿಗೆ ಹಬ್ಬಿತು.

ಮಕ್ಕಳೊಡನೆ ಮಾಡುವ ಕೆಲಸಕ್ಕೆ ಈ ಬಿಡಿ ಕ್ರಮ ಸಲ್ಲದು. ಆಶ್ರಯಧಾಮದ ಮಗುವಿಗೆ ವಾರಕ್ಕೊಬ್ಬ ಹೊಸ ಅಣ್ಣ, ಹೊಸ ಅಕ್ಕ ಬಂದು ಮರೆಯಾಗುವುದು ಮತ್ತೊಂದು ಅಗಲಿಕೆಯೇ ಆಗುತ್ತದೆ. 2006ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಮೇಕ್ ಎ ಡಿಫರೆನ್ಸ್ ಸಂಸ್ಥೆಯು ಜಾಲತಾಣದ ಮೂಲಕ ಯುವಜನರನ್ನು ಸೆಳೆದರೂ ಆಯ್ಕೆ ಮಾಡಿ, ತರಬೇತಿ ಕೊಟ್ಟು, ವರ್ಷಪೂರ್ತಿಯ ಬದ್ಧತೆಯನ್ನು ಕೇಳುವುದು ಈ ಕಾರಣದಿಂದ ಸರಿಯಾದ ನೀತಿ. ಬರುವವರಿಗೆ ಕದ ಅಗಲವಾಗಿರಬೇಕು, ಆದರೆ ಒಳಗಿನ ಕೆಲಸದ ಗಾಂಭೀರ್ಯವನ್ನು ಮೊದಲ ಸಂದೇಶದಲ್ಲೇ ಹೇಳಬೇಕು. ಬರಿಯ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಪ್ರಕಟಣೆಗಿಂತ, ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಕೆರೆಯ ದಂಡೆಯಲ್ಲಿ ಕಳೆ ಕೀಳಲು ಇಪ್ಪತ್ತು ಜನ ಬೇಕು, ಕೈಗವಸು ಮತ್ತು ತಿಂಡಿ ಅಲ್ಲೇ ಸಿಗುತ್ತದೆ ಎಂಬ ಪ್ರಕಟಣೆ ಹೆಚ್ಚು ಫಲ ಕೊಡುತ್ತದೆ. ಬರುವವನಿಗೆ ತನ್ನಿಂದ ಏನಾಗಬೇಕೆಂದು ತಿಳಿದಿರುತ್ತದೆ.

ಸಾರ್ವಜನಿಕ ಪುಟ ಅಪರಿಚಿತರನ್ನು ಕರೆತರುತ್ತದೆ, ವಾಟ್ಸಾಪ್ ಗುಂಪು ಅವರನ್ನು ಪರಿಚಿತರನ್ನಾಗಿಸುತ್ತದೆ. ಗುಂಪಿನ ನಿರ್ವಾಹಕ, ಎಂದರೆ ಅಡ್ಮಿನ್, ಹೊಸಬರನ್ನು ಹೆಸರಿಟ್ಟು ಸ್ವಾಗತಿಸಿ, ಮೊದಲ ಕೆಲಸವನ್ನು ಬೇಗ ಒಪ್ಪಿಸಿ, ಮುಗಿದ ಮೇಲೆ ಫಲವೇನಾಯಿತೆಂದು ತಿಳಿಸಿದರೆ ಜನ ನಿಲ್ಲುತ್ತಾರೆ. ಶುಭೋದಯದ ಚಿತ್ರ, ರಾಜಕೀಯ ಚರ್ಚೆ, ಸಂಬಂಧವಿಲ್ಲದ ವಿಡಿಯೊಗಳಲ್ಲಿ ಕೆಲಸದ ಸೂಚನೆ ಮುಚ್ಚಿಹೋದ ಗುಂಪು ಬೇಗ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಅನೇಕ ಸಂಸ್ಥೆಗಳು ಸೂಚನೆಗೊಂದು, ಹರಟೆಗೊಂದು ಎಂದು ಎರಡು ಗುಂಪು ಮಾಡುತ್ತವೆ. ಇದೆಲ್ಲವನ್ನೂ ನಡೆಸುವ ಸಂಯೋಜಕರು ಸಾಮಾನ್ಯವಾಗಿ ಸ್ವತಃ ಸ್ವಯಂಸೇವಕರೇ. ಹಗಲು ಉದ್ಯೋಗ, ರಾತ್ರಿ ಸಂದೇಶಗಳಿಗೆ ಉತ್ತರ ಎಂಬ ಬದುಕಿನಲ್ಲಿ ಅವರು ಬೇಗ ದಣಿಯುತ್ತಾರಾದ್ದರಿಂದ ಈ ಹೊಣೆಯನ್ನು ಸರದಿಯಲ್ಲಿ ಹಂಚುವುದು ಅಗತ್ಯ.

ಅಪಾಯ, ಕಾನೂನು, ಹೊರಗುಳಿದವರು

ಒಳ್ಳೆಯದನ್ನು ಹರಡುವ ಹಾದಿಯಲ್ಲೇ ಕೆಟ್ಟದ್ದೂ ಹರಡುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ದೇಶದ ಹಲವೆಡೆ ನಡೆದ ಇಂಥ ಹತ್ಯೆಗಳ ಬೆನ್ನಿಗೇ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ರವಾನಿಸದಂತೆ ಮಿತಿ ಹಾಕಿತು. ಸೇವಾಗುಂಪುಗಳು ಪರಿಶೀಲಿಸದ ಸಂದೇಶವನ್ನು ಕರುಣೆಯಿಂದಲೂ ಮುಂದೆ ಕಳಿಸಬಾರದೆಂಬ ನಿಯಮ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಮತ್ತೊಂದು ಅಪಾಯ ಸದ್ದಿಲ್ಲದ್ದು. ಹೊಸ ಸ್ವಯಂಸೇವಕರನ್ನು ಸೆಳೆಯಲೆಂದು ಹಾಕುವ ಚಿತ್ರದಲ್ಲಿ ಊಟದ ಪೊಟ್ಟಣಕ್ಕೆ ಕೈಯೊಡ್ಡಿದ ತಾಯಿ, ಆಸ್ಪತ್ರೆಯ ಹಾಸಿಗೆಯ ಮೇಲಿನ ಮಗು ಇರುತ್ತಾರೆ. ನೆರವು ಬೇಕಾದವರು ಬೇಡವೆನ್ನಲಾರದ ಸ್ಥಿತಿಯಲ್ಲಿರುವಾಗ ಪಡೆದ ಒಪ್ಪಿಗೆ ಒಪ್ಪಿಗೆಯೆನಿಸದು. 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು, ರಕ್ಷಣೆ ಬೇಕಾದ ಅಥವಾ ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳ ಗುರುತನ್ನು ಯಾವ ಮಾಧ್ಯಮದಲ್ಲೂ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಗೂಗಲ್ ಫಾರ್ಮಿನಲ್ಲಿ ತುಂಬಿಸಿಕೊಳ್ಳುವ ಹೆಸರು, ದೂರವಾಣಿ, ವಿಳಾಸಗಳಂಥ ವಿವರಗಳನ್ನು ಹೇಳಿದ ಉದ್ದೇಶಕ್ಕಷ್ಟೇ ಬಳಸಬೇಕೆಂಬ ಮತ್ತು ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಪಡೆಯಬೇಕೆಂಬ ತತ್ತ್ವವನ್ನು ಮುಂದಿಡುತ್ತದೆ.

ಜಾಲತಾಣವನ್ನೇ ನೆಚ್ಚಿದ ಸಂಘಟನೆಯು ಅದರ ಹೊರಗಿರುವವರನ್ನು ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅಂತರಜಾಲ ಬಳಸಿದ್ದವರು ಮೂವರಲ್ಲಿ ಒಬ್ಬರು. ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚು. ಕರ್ನಾಟಕದ ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘಗಳ ಸದಸ್ಯರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಪ್ರತಿ ಮನೆಯನ್ನೂ ಬಲ್ಲವರು, ಕಷ್ಟ ಬಂದಾಗ ಮೊದಲು ಓಡಿಬರುವವರು; ಅವರಲ್ಲಿ ಅನೇಕರಿಗೆ ನಗರದ ಗುಂಪು ಇಂಗ್ಲಿಷಿನಲ್ಲಿ ಹಾಕಿದ ಕರೆ ತಲುಪುವುದೇ ಇಲ್ಲ. ಕನ್ನಡದಲ್ಲಿ, ಓದಲು ಕಷ್ಟಪಡುವವರಿಗೂ ತಿಳಿಯುವಂತೆ ಧ್ವನಿಸಂದೇಶದ ರೂಪದಲ್ಲಿ ಕರೆ ಕಳಿಸಿ, ಸಂಘದ ವಾರದ ಸಭೆಯಲ್ಲಿ ಒಬ್ಬರು ಅದನ್ನು ಕೇಳಿಸಿ ವಿವರಿಸುವ ಏರ್ಪಾಡಿಗೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಪ್ರತಿ ಹೋಬಳಿಯಲ್ಲಿ ಆ ಹೊಣೆ ಹೊರುವ ಒಬ್ಬ ಸಂಯೋಜಕಿ ಮತ್ತು ಅವಳ ಓಡಾಟದ ಖರ್ಚನ್ನು ಭರಿಸುವ ಸಂಸ್ಥೆ ಬೇಕು.